ಮೊದಲ ಬೈಬಲ್ ಯಾವುದು ತಗೊಳ್ಳಲಿ? ಹೊಸ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಶಿವಮೊಗ್ಗದಲ್ಲಿ. ತವರು ಭದ್ರಾವತಿ, ನಮ್ಮಜ್ಜಿ ಅಲ್ಲಿ ಸಿಎಸ್‌ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು. ಗಂಡನ ಮನೆ ತೀರ್ಥಹಳ್ಳಿ ಕಡೆ, ಅವರು ಕ್ಯಾಥೊಲಿಕರು. ಹಾಗಾಗಿ ಮದುವೆಯಾದಾಗಿನಿಂದ ನಮ್ಮ ಕಪಾಟಿನಲ್ಲಿ ಎರಡು ಕನ್ನಡ ಬೈಬಲ್ ಅಕ್ಕಪಕ್ಕ ಇವೆ. ಒಂದೇ ಮಾತು, ಎರಡು ಬಗೆಯ ಕನ್ನಡ. ಭಾನುವಾರ ಮಧ್ಯಾಹ್ನ ಐದಾರು ಜನ ನಮ್ಮ ಜಗಲಿಯಲ್ಲಿ ಕೂತು ಓದುತ್ತೇವೆ. ಹೊಸಬರು ಚಪ್ಪಲಿ ಬಿಡುವಾಗಲೇ ಕೇಳುವ ಪ್ರಶ್ನೆ, "ಅಕ್ಕ, ಯಾವ ಬೈಬಲ್ ತರಲಿ?" ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ಉದ್ದ ವಿವರ ಎಲ್ಲ ಬೇಡ ಅಕ್ಕ, ಒಂದು ಹೆಸರು ಹೇಳಿ ಸಾಕು.

ಬೈಬಲ್ ಸೊಸೈಟಿ ಆಫ್ ಇಂಡಿಯಾ ಹೊರತಂದಿರುವ ಸಾಮಾನ್ಯ ಭಾಷೆಯ ಅನುವಾದ. ಇದನ್ನು ಚಿಕ್ಕದಾಗಿ ಸಿ.ಎಲ್. ಅಂತಾರೆ. ಪೇಪರ್ ಓದುವಷ್ಟು ಕನ್ನಡ ಬಂದರೆ ಇದು ಓದಿಸಿಕೊಂಡು ಹೋಗುತ್ತದೆ. ಆದರೆ ನಿಮ್ಮ ಮನೆಯಲ್ಲೋ ಸಭೆಯಲ್ಲೋ ಎಲ್ಲರೂ ಹಳೆಯ ಅನುವಾದವನ್ನೇ ಓದುತ್ತಿದ್ದರೆ, ಅವರ ಜೊತೆ ಕೂತು ಓದುವ ಆಸೆ ನಿಮಗಿದ್ದರೆ, ಹಳೆಯದನ್ನೇ ತಗೊಳ್ಳಿ. ಒಬ್ಬರೇ ಸುಲಭದ್ದನ್ನು ಓದುವುದಕ್ಕಿಂತ ನಾಲ್ಕು ಜನರ ಜೊತೆ ಕಷ್ಟದ್ದನ್ನು ಓದುವುದು ಎಷ್ಟೋ ಸಲ ಸಲೀಸು. ಅರ್ಥವಾಗದ ಕಡೆ ಪಕ್ಕದವರನ್ನು ಕೇಳಬಹುದು ಅಲ್ವಾ?

ಕನ್ನಡದಲ್ಲಿ ಬೈಬಲ್ ಅಂದರೆ ಒಂದೇ ಅಲ್ವಾ? ಬೇರೆ ಬೇರೆ ಇವೆಯಾ?

ಇವೆ. ಹೊಸಬರು ತಿಳಿದಿರಬೇಕಾದದ್ದು ಮುಖ್ಯವಾಗಿ ನಾಲ್ಕು.

ಒಂದು, ಬೈಬಲ್ ಸೊಸೈಟಿಯ ಹಳೆಯ ಅನುವಾದ, 'ಸತ್ಯವೇದವು'. ಪ್ರೊಟೆಸ್ಟೆಂಟ್ ಸಭೆಗಳ ಹಿರಿಯರಿಗೆ ಬಾಯಿಪಾಠ ಆಗಿರುವುದು ಇದೇ. ಎರಡು, ಈಗ ಹೇಳಿದ ಸಿ.ಎಲ್. ಕ್ಯಾಥೊಲಿಕ್ ಮನೆಗಳಲ್ಲಿ ನೀವು ಜಾಸ್ತಿ ಕೇಳುವ ಮಾತುಗಳು ಇದರಲ್ಲಿವೆ. ಮೂರು, 'ಪರಿಶುದ್ಧ ಬೈಬಲ್' ಅನ್ನುವ ಸುಲಭ ಓದಿನ ಅನುವಾದ. ಚಿಕ್ಕ ವಾಕ್ಯ, ಚಿಕ್ಕ ಪದ. ಹೈಸ್ಕೂಲ್ ಮಕ್ಕಳಿಗೆ, ಕನ್ನಡ ಓದಿ ಬಹಳ ವರ್ಷವಾದವರಿಗೆ ಇದು ಹಿಡಿಸುತ್ತದೆ. ನಾಲ್ಕು, ಈಚೆಗೆ ಮೊಬೈಲ್‌ನಲ್ಲಿ ಸಿಗುವ ಇಂಡಿಯನ್ ರಿವೈಸ್ಡ್ ವರ್ಷನ್. ಇದರ ಮಾತಿನ ಜಾಡು ಹಳೆಯದಕ್ಕೆ ಹತ್ತಿರ, ಕಾಗುಣಿತ ಮಾತ್ರ ಈಗಿನದು.

ಇದಲ್ಲದೆ ಮಲೆನಾಡಿನ ಎಷ್ಟೋ ಕ್ಯಾಥೊಲಿಕ್ ಮನೆಗಳಲ್ಲಿ ಮನೆಮಾತು ಕೊಂಕಣಿ, ಶಾಲೆ ಕನ್ನಡ. ಅಂಥವರಿಗೆ ಕನ್ನಡ ಲಿಪಿಯಲ್ಲೇ ಕೊಂಕಣಿ ಬೈಬಲ್ ಸಿಗುತ್ತದೆ. ನಮ್ಮತ್ತೆ ಕನ್ನಡ ಚೆನ್ನಾಗಿ ಓದುತ್ತಾರೆ. ಆದರೆ ಪ್ರಾರ್ಥನೆಗೆ ಕೂತಾಗ ಅವರ ಕೈ ಹೋಗುವುದು ಕೊಂಕಣಿಗೆ. ಅದು ಸರಿಯೇ. ಮನೆಮಾತಿನಲ್ಲಿ ಓದಬಲ್ಲವರು ಅದರಲ್ಲೇ ಶುರು ಮಾಡಲಿ.

ಹಳೆಯ ಅನುವಾದದ ಕನ್ನಡ ಯಾಕೆ ಅಷ್ಟು ಬೇರೆ ಥರ ಇದೆ?

ಅದಕ್ಕೆ ಸುಮಾರು ಇನ್ನೂರು ವರ್ಷದ ಕಥೆ ಇದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅಲ್ಲಿ ಕನ್ನಡ ಕಲಿತು ಅನುವಾದಕ್ಕೆ ಕೈ ಹಾಕಿದರು. ಇಡೀ ಬೈಬಲ್ ಕನ್ನಡದಲ್ಲಿ ಮುಗಿದದ್ದು 1831ರಲ್ಲಿ. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್‌ನವರೂ ಸೇರಿ ಅದನ್ನು ತಿದ್ದಿದರು, ಆ ಕೆಲಸದಲ್ಲಿ ವೈಗ್ಲೆ ಅವರ ಪಾಲು ದೊಡ್ಡದು. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಅಂದರೆ ಆ ನಿಘಂಟು ಕೈಗೆ ಸಿಗುವ ಎಷ್ಟೋ ವರ್ಷ ಮೊದಲೇ ಇವರು ಈ ಪದಗಳನ್ನು ಒಂದೊಂದಾಗಿ ಹುಡುಕಿ ಕೂಡಿಸಬೇಕಾಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಆ ಅನುವಾದದ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಅದರ ಮೇಲೆ ತಿದ್ದುಪಡಿಗಳು ಆಗಿವೆ. ಆದರೆ ಎಲುಬುಗೂಡು ಆ ಕಾಲದ ಕನ್ನಡವೇ. 'ಮಾಡುವದು', 'ಹೇಳುವದು' ಅನ್ನುವ ರೂಪಗಳು, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಅರ್ಧ ಪುಟ ಹೋಗುವ ವಾಕ್ಯಗಳು, ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಯಾರೆಂದು ಮರೆತಿರುತ್ತದೆ. ಹೊಸಬರಿಗೆ ಸುಸ್ತಾಗುವುದು ಇಲ್ಲೇ. ಹಾಗಂತ ಅದು ಕೆಟ್ಟ ಕನ್ನಡ ಅಲ್ಲ. ಬೈಬಲ್‌ನ ಹಾಡುಗಳಾದ ಕೀರ್ತನೆಗಳಲ್ಲಿ 23ನೆಯದರ ಮೊದಲ ಸಾಲು ಅದರಲ್ಲಿ ಹೀಗಿದೆ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ನಾಲ್ಕೇ ಪದ. 'ಕೊರತೆಪಡೆನು' ಅಂತ ಇವತ್ತು ಯಾರೂ ಮಾತಾಡುವುದಿಲ್ಲ. ಆದರೂ ಅಜ್ಜಿ ಆಸ್ಪತ್ರೆಯ ಮಂಚದ ಮೇಲೆ ಅದನ್ನು ಹೇಳಿಕೊಳ್ಳುತ್ತಿದ್ದಾಗ ಅದರಲ್ಲಿ ಒಂದಕ್ಷರ ಹೆಚ್ಚೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ.

ಒಂದರಲ್ಲಿ ಯೇಸು 'ಹೇಳಿದನು', ಇನ್ನೊಂದರಲ್ಲಿ 'ಹೇಳಿದರು'. ಏಕವಚನ ನೋಡಿದರೆ ಮನಸ್ಸಿಗೆ ಕಸಿವಿಸಿ ಆಗುತ್ತದೆ.

ಇಂಗ್ಲಿಷ್ ಓದುವವರಿಗೆ ಈ ಪ್ರಶ್ನೆ ಬರುವುದೇ ಇಲ್ಲ. ಕನ್ನಡದವರಿಗೆ ಮೊದಲ ಪುಟದಲ್ಲೇ ಬರುತ್ತದೆ. ಹಳೆಯದರಲ್ಲಿ 'ಯೇಸು... ಹೇಳಿದನು', 'ಆತನು'. ಸಿ.ಎಲ್.ನಲ್ಲಿ 'ಯೇಸುಸ್ವಾಮಿ... ಹೇಳಿದರು', 'ಅವರು'. ಗ್ರೀಕ್ ಮೂಲದಲ್ಲಿ ಗೌರವದ ಬಹುವಚನ ಅಂತ ಇಲ್ಲ. ಹಾಗಾಗಿ ಏಕವಚನ ಹಿಡಿದವರು ಮೂಲವನ್ನು ಹಿಡಿದರು, ಬಹುವಚನ ಹಿಡಿದವರು ನಮ್ಮ ಮಾತಿನ ಮರ್ಯಾದೆಯನ್ನು ಹಿಡಿದರು. ಎರಡಕ್ಕೂ ಕಾರಣ ಇದೆ.

ಆದರೆ ಏಕವಚನ ಅಂದರೆ ಅಗೌರವ ಅಂತ ಮಾತ್ರ ತಿಳಿಯಬೇಡಿ. ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು ಅಕ್ಕಮಹಾದೇವಿ. ಅವಳು ಚೆನ್ನಮಲ್ಲಿಕಾರ್ಜುನನನ್ನು 'ನೀನು' ಅಂತಲೇ ಕರೆದಳು. ಈಗ ನಾನೂ ಅಕ್ಕನನ್ನು 'ಅವಳು' ಅಂದೆ, ನಿಮಗೆ ತಪ್ಪೆನಿಸಿತಾ? ದಾಸರ ಪದಗಳಲ್ಲೂ ದೇವರು 'ನೀನು'. ದೇವರಿಗೆ, ತಾಯಿಗೆ, ತೀರ ಹತ್ತಿರದವರಿಗೆ ಕನ್ನಡ ಏಕವಚನ ಇಟ್ಟಿದೆ. ಹಳೆಯ ಅನುವಾದವನ್ನು ಆ ಕಿವಿಯಿಂದ ಕೇಳಿದರೆ ಕಸಿವಿಸಿ ಹೋಗುತ್ತದೆ. ಕಥೆಯಲ್ಲಿ ಯೇಸು ಊರ ಹಾದಿಯಲ್ಲಿ ನಡೆದು ಹೋಗುವಾಗ, ಹಸಿದಾಗ, ದೋಣಿಯಲ್ಲಿ ಮಲಗಿದಾಗ ನನಗೆ 'ಆತನು' ಹತ್ತಿರ ಅನಿಸುತ್ತದೆ. ನಮ್ಮ ಗುಂಪಿನಲ್ಲೇ ಇದಕ್ಕೆ ಒಪ್ಪದವರಿದ್ದಾರೆ, ಅವರಿಗೆ 'ಅವರು' ಇಲ್ಲದಿದ್ದರೆ ಓದಲು ಬಾಯೇ ಬರುವುದಿಲ್ಲ. ನಿಮ್ಮ ಬಾಯಿಗೆ ಯಾವುದು ಬರುತ್ತದೋ ಅದು.

ಇದೇ ಥರ ದೇವರ ಹೆಸರು. ಬೈಬಲ್‌ನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಹೀಬ್ರೂವಿನ ನಾಲ್ಕು ಅಕ್ಷರದ ಹೆಸರೊಂದಿದೆ. ಯೆಹೂದ್ಯರು ಅದನ್ನು ಗೌರವದಿಂದ ಬಾಯಿಬಿಟ್ಟು ಉಚ್ಚರಿಸುವುದಿಲ್ಲ. ಹಳೆಯ ಅನುವಾದ ಅದನ್ನು 'ಯೆಹೋವ' ಅಂದಿತು, ಸಿ.ಎಲ್. 'ಸರ್ವೇಶ್ವರ' ಅಂದಿತು. ಎರಡೂ ಒಬ್ಬನೇ ದೇವರು. ಬೇರೆ ಬೇರೆ ಅಂದುಕೊಂಡು ಗಾಬರಿಯಾದವರನ್ನು ನೋಡಿದ್ದೇನೆ, ಅದಕ್ಕೇ ಹೇಳಿದೆ.

ಪದಕ್ಕೆ ಪದ ಅನುವಾದ ಮಾಡಿರುವುದೇ ನಿಜವಾದ ಬೈಬಲ್, ಉಳಿದದ್ದೆಲ್ಲ ನೀರು ಬೆರೆಸಿದ್ದು ಅಂತಾರಲ್ಲ?

ಪೂರ್ತಿ ಪದಕ್ಕೆ ಪದ ಅನ್ನುವ ಅನುವಾದ ಯಾವ ಭಾಷೆಯಲ್ಲೂ ಇಲ್ಲ, ಇರಲೂ ಆಗುವುದಿಲ್ಲ. ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಕೊಡುತ್ತೇನೆ. ಹೀಬ್ರೂವಿನಲ್ಲಿ 'ಅಫ್' ಅಂದರೆ ಮೂಗು. ಅದೇ ಪದಕ್ಕೆ ಕೋಪ ಅಂತಲೂ ಅರ್ಥ. ದೇವರು ಬೇಗ ಸಿಟ್ಟಾಗುವವನಲ್ಲ ಅನ್ನುವುದಕ್ಕೆ ಅವರು 'ಮೂಗು ಉದ್ದ ಇರುವವನು' ಅನ್ನುತ್ತಾರೆ. ಇದನ್ನು ಕನ್ನಡಕ್ಕೆ ಹಾಗೇ ತಂದರೆ ಓದಿದವರಿಗೆ ಏನು ತಿಳಿದೀತು? ನಮ್ಮಲ್ಲೂ 'ಅವನಿಗೆ ಮೂಗಿನ ತುದಿಯಲ್ಲೇ ಕೋಪ' ಅನ್ನುವ ಮಾತಿದೆ, ಆದರೆ ಅದನ್ನು ತಿರುಗಿಸಿ ಉದ್ದ ಮೂಗಿನವನು ತಾಳ್ಮೆಯವನು ಅನ್ನುವ ರೂಢಿ ಇಲ್ಲ. ಪದಕ್ಕೆ ಪದ ಅಂತ ಹೆಸರಾದ ಹಳೆಯ ಅನುವಾದವೇ ಇಲ್ಲಿ ಮೂಗನ್ನು ಬಿಟ್ಟು 'ದೀರ್ಘಶಾಂತ' ಅಂದಿತು. ಉದ್ದ ಅನ್ನುವುದು ಆ 'ದೀರ್ಘ'ದಲ್ಲಿ ಉಳಿದುಕೊಂಡಿದೆ ನೋಡಿ. ಎಂಥ ಚೆಂದದ ಕೆಲಸ.

ಕೆಲವು ಕಡೆ ಕನ್ನಡಕ್ಕೆ ಅದೃಷ್ಟ. ಪೇತ್ರನ ಮೊದಲ ಪತ್ರದಲ್ಲಿ 'ಮನಸ್ಸಿನ ನಡುವನ್ನು ಕಟ್ಟಿಕೊಂಡು' ಅಂತ ಬರುತ್ತದೆ. ಉದ್ದ ಅಂಗಿ ತೊಡುತ್ತಿದ್ದ ಆ ಜನ ಕೆಲಸಕ್ಕೋ ಪ್ರಯಾಣಕ್ಕೋ ಹೊರಡುವಾಗ ಅದನ್ನು ಎತ್ತಿ ಸೊಂಟಕ್ಕೆ ಬಿಗಿಯುತ್ತಿದ್ದರು. ಇಂಗ್ಲಿಷ್‌ನವರಿಗೆ ಇದಕ್ಕೆ ಅಡಿಟಿಪ್ಪಣಿ ಬೇಕು. ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿಯುವ, ಟೊಂಕ ಕಟ್ಟಿ ನಿಲ್ಲು ಅನ್ನುವ ನಮಗೆ ಟಿಪ್ಪಣಿ ಯಾಕೆ ಬೇಕು? ಇನ್ನೊಂದು, ಯೇಸು ಜನರ ಗುಂಪನ್ನು ಕಂಡು ಕನಿಕರಪಟ್ಟ ಅಂತ ಬರುವಲ್ಲಿ ಗ್ರೀಕ್ ಕ್ರಿಯಾಪದ ಹುಟ್ಟಿರುವುದೇ ಕರುಳು ಅನ್ನುವ ಪದದಿಂದ. ನಮ್ಮಲ್ಲೂ ನೋವು ಕಂಡರೆ ಚುರ್ ಅನ್ನುವುದು ಕರುಳೇ ಅಲ್ವಾ? ಇಂಥ ಕಡೆ ಕನ್ನಡದ ಓದುಗ ಮೂಲಕ್ಕೆ ಒಂದು ಹೆಜ್ಜೆ ಹತ್ತಿರವೇ ನಿಂತಿರುತ್ತಾನೆ.

ಹಾಗಾಗಿ ಹಳೆಯದು ಮೂಲದ ಪದಗಳಿಗೆ ಆದಷ್ಟು ಅಂಟಿಕೊಳ್ಳುತ್ತದೆ, ಸಿ.ಎಲ್. ಮತ್ತು ಸುಲಭ ಓದಿನದು ಅರ್ಥವನ್ನು ಹಿಡಿದು ಈಗಿನ ಕನ್ನಡದಲ್ಲಿ ಹೇಳುತ್ತವೆ. ಒಂದೇ ಪದದ ಮೇಲೆ ಕೂತು ಯೋಚನೆ ಮಾಡುವವರಿಗೆ ಮೊದಲನೆಯದು ಬೇಕು. ಕಥೆ ಏನು, ಯಾರು ಯಾರಿಗೆ ಏನು ಹೇಳಿದರು ಅಂತ ಮೊದಲ ಸಲ ತಿಳಿಯಬೇಕಾದವರಿಗೆ ಎರಡನೆಯದು. ಹೊಸ ಓದುಗರಿಗೆ ಮೊದಲು ಬೇಕಾದದ್ದು ಕಥೆ.

ಅಂಗಡಿಯಲ್ಲಿ ನಿಂತು ಹೇಗೆ ಆರಿಸುವುದು?

ಜೋರಾಗಿ ಓದಿ. ನಾನು ಎಲ್ಲರಿಗೂ ಹೇಳುವುದು ಇದೊಂದನ್ನೇ, ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ. ಎರಡು ಅನುವಾದ ಕೈಗೆ ತಗೊಂಡು ಮೂರು ಜಾಗ ಓದಿ ನೋಡಿ. ಲೂಕನ 15ನೇ ಅಧ್ಯಾಯದ ತಪ್ಪಿಹೋದ ಮಗನ ಕಥೆ, 23ನೇ ಕೀರ್ತನೆ, ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ ಮೊದಲ ಹತ್ತು ವಚನ. ಒಂದು ಕಥೆ, ಒಂದು ಹಾಡು, ಒಂದು ವಾದ. ಕಥೆ ಎಲ್ಲದರಲ್ಲೂ ಚೆನ್ನಾಗಿರುತ್ತದೆ. ಹಾಡು ಹಳೆಯದರಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಬಹುದು. ಪೌಲನ ವಾದದಲ್ಲಿ ಗೊತ್ತಾಗುತ್ತದೆ ನಿಜವಾದ ವ್ಯತ್ಯಾಸ. ಹತ್ತು ವಚನ ಮುಗಿಸಿ ಪುಸ್ತಕ ಮುಚ್ಚಿ, ಈಗ ಏನು ಓದಿದೆ ಅಂತ ಜೊತೆಯವರಿಗೆ ನಿಮ್ಮದೇ ಮಾತಲ್ಲಿ ಹೇಳಿ. ಹೇಳಲು ಬಂದರೆ ಅದು ನಿಮ್ಮ ಪುಸ್ತಕ.

ಅಂಗಡಿಯಲ್ಲಿ ಜೋರಾಗಿ ಓದಲು ನಾಚಿಕೆಯಾದರೆ ಮನೆಯಲ್ಲಿ ಮೊಬೈಲ್ ಇಟ್ಟುಕೊಂಡು ಓದಿ ನೋಡಿ, ಆಮೇಲೆ ಕೊಳ್ಳಲು ಹೋಗಿ. ಕೊಳ್ಳುವಾಗ ಪರಿವಿಡಿ ತೆಗೆದು ನೋಡುವುದನ್ನು ಬಿಡಬೇಡಿ. ನಾನು ಒಮ್ಮೆ ಒಂದು ಅಂಗಡಿಯಲ್ಲಿ ಪೂರ್ತಿ ಬೈಬಲ್ ಕೇಳಿದೆ, ಕಟ್ಟಿ ಕೊಟ್ಟರು, ಮನೆಗೆ ಬಂದು ಬಿಚ್ಚಿದರೆ ಬರೀ ಹೊಸ ಒಡಂಬಡಿಕೆ, ಅಂದರೆ ಯೇಸುವಿನಿಂದ ಮುಂದಿನ ಭಾಗ ಮಾತ್ರ. ಬದಲಾಯಿಸಿ ಕೊಡಲು ಅವರು ಒಪ್ಪಲಿಲ್ಲ. ಆ ಪುಸ್ತಕ ಉಡುಗೊರೆಗಾಗಿ ತಂದದ್ದು, ಅದಕ್ಕೇ ಜಾಸ್ತಿ ಬೇಜಾರಾಯಿತು.

ಕ್ಯಾಥೊಲಿಕ್ ಬೈಬಲ್ ಬೇರೆ, ಪ್ರೊಟೆಸ್ಟೆಂಟ್ ಬೈಬಲ್ ಬೇರೆಯಾ?

ಹೊಸ ಒಡಂಬಡಿಕೆ ಇಬ್ಬರಿಗೂ ಅದೇ 27 ಪುಸ್ತಕ. ವ್ಯತ್ಯಾಸ ಹಳೆಯ ಒಡಂಬಡಿಕೆಯಲ್ಲಿ. ಪ್ರೊಟೆಸ್ಟೆಂಟರಿಗೆ 39, ಕ್ಯಾಥೊಲಿಕರಿಗೆ 46. ಒಟ್ಟು ಒಂದರಲ್ಲಿ 66, ಇನ್ನೊಂದರಲ್ಲಿ 73. ಹೆಚ್ಚಿನ ಆ ಏಳು ಅಂದರೆ ತೋಬಿತ, ಯೂದಿತ, ಸೊಲೊಮೋನನ ಜ್ಞಾನಗ್ರಂಥ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಪುಸ್ತಕ. ಇವು ಯೆಹೂದ್ಯರ ಹಳೆಯ ಗ್ರೀಕ್ ಅನುವಾದದಲ್ಲಿದ್ದವು, ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. ಸಿ.ಎಲ್.ನಲ್ಲಿ ಈ ಪುಸ್ತಕಗಳಿರುವ ಪ್ರತಿಯೂ ಇದೆ. ನಿಮಗೆ ಬೇಕಾದದ್ದು ಅದೇ ಆದರೆ ಬಾಯಿಬಿಟ್ಟು ಕೇಳಿ ತಗೊಳ್ಳಿ.

ಇನ್ನು ಪದಗಳು. ಯೇಸುವಿನ ಕಥೆ ಹೇಳುವ ಪುಸ್ತಕ ಪ್ರೊಟೆಸ್ಟೆಂಟರ ಕಡೆ ಸುವಾರ್ತೆ, ಕ್ಯಾಥೊಲಿಕರ ಕಡೆ ಶುಭಸಂದೇಶ. ಒಂದು ಕಡೆ ಯೋಹಾನ, ಇನ್ನೊಂದು ಕಡೆ ಯೊವಾನ್ನ. ದೀಕ್ಷಾಸ್ನಾನ ಅಲ್ಲಿ ಸ್ನಾನದೀಕ್ಷೆ ಆಗುತ್ತದೆ, ಅಪೊಸ್ತಲರ ಕೃತ್ಯಗಳು ಹೋಗಿ ಪ್ರೇಷಿತರ ಕಾರ್ಯಕಲಾಪಗಳು ಬರುತ್ತದೆ, ಪರಲೋಕ ರಾಜ್ಯಕ್ಕೆ ಸ್ವರ್ಗಸಾಮ್ರಾಜ್ಯ. ಮದುವೆಯಾದ ಹೊಸದರಲ್ಲಿ ಗಂಡನ ಮನೆಯಲ್ಲಿ ಓದು ಕೇಳಿದಾಗ ನನಗೆ ಯಾವ ಪುಸ್ತಕ ಓದುತ್ತಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ. ಒಂದೆರಡು ತಿಂಗಳಲ್ಲಿ ಕಿವಿ ಹೊಂದಿಕೊಂಡಿತು.

ನನ್ನ ಪ್ರತಿಯಲ್ಲಿ ಕೆಲವು ವಚನ ಕಂಸದಲ್ಲಿವೆ, ಕೆಲವು ಇಲ್ಲವೇ ಇಲ್ಲ. ಅಚ್ಚಿನ ತಪ್ಪಾ?

ತಪ್ಪಲ್ಲ. ಬೈಬಲ್ ಕೈಬರಹದ ಪ್ರತಿಗಳಿಂದ ನಮಗೆ ಬಂದದ್ದು, ಎಲ್ಲ ಪ್ರತಿಗಳೂ ಅಕ್ಷರಕ್ಕೆ ಅಕ್ಷರ ಹೊಂದುವುದಿಲ್ಲ. ಮಾರ್ಕನ 16ನೇ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ನಾಲ್ಕನೇ ಶತಮಾನದ ಎರಡು ಮುಖ್ಯ ಪ್ರತಿಗಳಲ್ಲಿ ಇಲ್ಲ. ಯೋಹಾನ 8ರ ಮೊದಲಲ್ಲಿ, ಕಲ್ಲೆಸೆಯಲು ಎಳೆದು ತಂದ ಹೆಂಗಸಿನ ಪ್ರಸಂಗವೂ ಹಾಗೇ. ಆ ಎರಡು ಮುಖ್ಯ ಪ್ರತಿಗಳಲ್ಲಿ ಒಂದಾದ ಸಿನಾಯ್ ಪ್ರತಿ ವಿದ್ವಾಂಸರ ಕಣ್ಣಿಗೆ ಬಿದ್ದದ್ದೇ 1844ರ ನಂತರ. ಬಳ್ಳಾರಿಯಲ್ಲಿ ಕನ್ನಡ ಬೈಬಲ್ ಮುಗಿದು ಆಗಲೇ 13 ವರ್ಷವಾಗಿತ್ತು. 1947ರಲ್ಲಿ ಲವಣ ಸಮುದ್ರದ (ಡೆಡ್ ಸೀ) ಹತ್ತಿರ ಕುಮ್ರಾನ್ ಗುಹೆಗಳಲ್ಲಿ ಹಳೆಯ ಒಡಂಬಡಿಕೆಯ ಸುರುಳಿಗಳು ಸಿಕ್ಕವು. ಇಂಥವು ಸಿಕ್ಕಾಗ ಅನುವಾದಕರು ಮತ್ತೆ ಕೂತು ತಿದ್ದುತ್ತಾರೆ. ಕಂಸ, ಅಡಿಟಿಪ್ಪಣಿ ಇರುವ ಪ್ರತಿ ನಿಮ್ಮಿಂದ ಏನನ್ನೂ ಮುಚ್ಚಿಡುತ್ತಿಲ್ಲ ಅಂತ ಅರ್ಥ. ನಾನು ಅಂಥ ಪ್ರತಿಯನ್ನೇ ಹೆಚ್ಚು ನಂಬುತ್ತೇನೆ.

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್ ಬೈಬಲ್ಲೇ ಓದಲಾ?

ಓದಿ. 1611ರ ಕಿಂಗ್ ಜೇಮ್ಸ್ ಅನುವಾದದಿಂದ ಮಾತ್ರ ಶುರು ಮಾಡಬೇಡಿ, ಅದರ ಇಂಗ್ಲಿಷ್ ನಮ್ಮ ಹಳೆಯ ಅನುವಾದಕ್ಕಿಂತ ದೂರದ್ದು. 1978ರಲ್ಲಿ ಪೂರ್ತಿಯಾದ ಎನ್‌ಐವಿ ಅಥವಾ 1976ರ ಗುಡ್ ನ್ಯೂಸ್ ಬೈಬಲ್ ಸಾಕು. ಕ್ಯಾಥೊಲಿಕರಿಗೆ ಇಎಸ್‌ವಿಯ ಕ್ಯಾಥೊಲಿಕ್ ಆವೃತ್ತಿ ಇದೆ, ಅದು ಮೊದಲು ಅಚ್ಚಾದದ್ದು ನಮ್ಮ ಬೆಂಗಳೂರಿನಲ್ಲೇ, 2018ರಲ್ಲಿ.

ಆದರೆ ಕೀರ್ತನೆಗಳನ್ನಾದರೂ ಕನ್ನಡದಲ್ಲಿ ಓದಿ ನೋಡಿ. ಅಳು ಬಂದಾಗ ನೀವು ಯಾವ ಭಾಷೆಯಲ್ಲಿ ಅಮ್ಮನನ್ನು ಕರೆಯುತ್ತೀರೋ ಕೀರ್ತನೆಗಳಿಗೆ ಆ ಭಾಷೆಯೇ ಬೇಕು.

ಮೊದಲ ಪುಟದಿಂದ ಶುರು ಮಾಡಿದೆ, ಎರಡು ತಿಂಗಳಲ್ಲಿ ಬಿಟ್ಟೆ. ಅನುವಾದ ಬದಲಾಯಿಸಿದರೆ ಸರಿ ಹೋಗುತ್ತಾ?

ಎಲ್ಲಿ ಬಿಟ್ಟಿರಿ ಅಂತ ಊಹಿಸಬಲ್ಲೆ. ಆದಿಕಾಂಡ ಓಡಿತು, ವಿಮೋಚನಕಾಂಡದಲ್ಲಿ ಅರ್ಧ ಓಡಿತು, ಆಮೇಲೆ ಗುಡಾರದ ಅಳತೆ, ಬಲಿಯ ನಿಯಮ ಶುರುವಾಗಿ ಯಾಜಕಕಾಂಡದಲ್ಲಿ ನಿಂತಿತು. ನನಗೂ ಹತ್ತೊಂಬತ್ತನೇ ವಯಸ್ಸಿನಲ್ಲಿ ಹೀಗೇ ಆಗಿತ್ತು. ಯಾವ ಅನುವಾದ ತಗೊಂಡರೂ ಆ ಭಾಗ ಕಷ್ಟವೇ. ಬೈಬಲ್ ಒಂದು ಪುಸ್ತಕ ಅಲ್ಲ, ಒಂದು ಕಪಾಟು. ಕಪಾಟನ್ನು ಎಡಗಡೆ ಮೂಲೆಯಿಂದಲೇ ಓದಬೇಕು ಅಂತ ಏನಿದೆ?

ಮಾರ್ಕನಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಜೋರಾಗಿ ಓದಿದರೂ ಒಂದು ಮಳೆಯ ಸಂಜೆಗೆ ಮುಗಿಯುತ್ತದೆ. ಆಮೇಲೆ ಲೂಕ. ನಡುವೆ ದಿನಕ್ಕೊಂದು ಕೀರ್ತನೆ. ಅದು 150 ಇದೆ, ಆದರೆ 119ನೆಯದಕ್ಕೆ ಒಂದು ವಾರ ಕೊಡಿ, ಅದೊಂದರಲ್ಲೇ 176 ವಚನ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ, ತಿಂಗಳ ತಾರೀಖು ನೋಡಿ ಓದುವವರಿದ್ದಾರೆ.

ಆಮೇಲೆ ರೂತಳ ಕಥೆ. ನಾಲ್ಕೇ ಅಧ್ಯಾಯ, ಮಲೆನಾಡಿನವರು ಅದನ್ನು ಓದಲೇಬೇಕು. ಗಂಡ ಸತ್ತ ಸೊಸೆ ಅತ್ತೆಯ ಕೈ ಬಿಡದೆ ಬೇರೆ ಊರಿಗೆ ಬಂದು, ಕೊಯ್ಲು ನಡೆಯುವ ಹೊಲದಲ್ಲಿ ಕೊಯ್ಯುವವರ ಹಿಂದೆ ಹಿಂದೆ ಬಿದ್ದ ತೆನೆ ಆರಿಸಿ ಹೊಟ್ಟೆ ಹೊರೆಯುತ್ತಾಳೆ. ಹಳೆಯ ಅನುವಾದ ಇದಕ್ಕೆ ಇಟ್ಟಿರುವ ಪದ ಹಕ್ಕಲಾಯುವುದು. ನಮ್ಮ ಗುಂಪಿನಲ್ಲಿ ಒಬ್ಬರು ಆ ಪದ ಬಂದಾಗ ಓದು ನಿಲ್ಲಿಸಿದರು. ಅವರಮ್ಮ ಹೊಸನಗರದ ಕಡೆ ಗದ್ದೆ ಕೊಯ್ಲಾದ ಮೇಲೆ ಹಕ್ಕಲು ಆಯ್ದು ಮಕ್ಕಳನ್ನು ಸಾಕಿದವರಂತೆ. ಆ ದಿನ ಮುಂದೆ ಓದಲಿಲ್ಲ, ಅವರು ಹೇಳಿದ್ದನ್ನೇ ಕೇಳುತ್ತ ಕೂತೆವು. ಹಳೆಯ ಅನುವಾದದಲ್ಲಿ ಕಷ್ಟದ ಪದಗಳಿವೆ ಅಂತ ಮೇಲೆ ನಾನೇ ಹೇಳಿದೆ. ಪೇಟೆಯವರಿಗೆ ಕಷ್ಟ ಅನಿಸುವ ಕೆಲವು ಪದ ಹಳ್ಳಿಯವರ ಮನೆಯ ಪದ, ಅದನ್ನೂ ಹೇಳಬೇಕು. ನೋಹನ ನಾವೆಯ ಉದ್ದ 300 ಮೊಳ ಅಂತ ಓದಿದಾಗ ಹೂವು ಕೊಳ್ಳುವ ಹೆಂಗಸರು ಥಟ್ಟನೆ ಕೈ ಚಾಚಿ ಅಳತೆ ಹಾಕುತ್ತಾರೆ.

ನಾವು ಕ್ರೈಸ್ತರಲ್ಲ. ಸುಮ್ನೆ ಓದಬೇಕು ಅನಿಸಿದೆ. ಮನೆಯಲ್ಲಿ ಏನಾದರೂ ಅಂದುಕೊಂಡರೆ?

ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಯವರಿಗೆ ಏನು ಓದುತ್ತಿದ್ದೀರಿ ಅಂತ ಬಿಚ್ಚಿ ಹೇಳಿ, ಮುಚ್ಚಿಟ್ಟರೇ ಅನುಮಾನ. ನಮ್ಮ ಜಗಲಿಗೆ ಬರುವವರಲ್ಲಿ ಇಬ್ಬರು ಕ್ರೈಸ್ತರಲ್ಲ. ಒಬ್ಬರು ಕನ್ನಡ ಮೇಷ್ಟ್ರು, ಭಾಷೆಗಾಗಿ ಬಂದವರು, ಪ್ರಸಂಗಿ ಪುಸ್ತಕ ಓದಿ ಒಂದು ವಾರ ಅದೇ ಮಾತಾಡಿದರು. ಅವರಿಗೆ ನಾನು ಕೊಟ್ಟದ್ದು ಹಳೆಯ ಅನುವಾದ. ಹಳೆಗನ್ನಡ, ನಡುಗನ್ನಡ ಓದಿದವರಿಗೆ ಅದು ಏನೇನೂ ಕಷ್ಟ ಅಲ್ಲ, ರುಚಿಯೂ ಸಿಗುತ್ತದೆ.

ಮೊಬೈಲ್‌ನಲ್ಲಿ ಓದಿದರೆ ಸಾಲದಾ?

ಆರಿಸಲು ಮೊಬೈಲ್ ಒಳ್ಳೆಯದು. ಯೂವರ್ಷನ್ ಆ್ಯಪ್‌ನಲ್ಲಿ ನಾನು ಹೇಳಿದ ಅನುವಾದಗಳು ಪುಕ್ಕಟೆ ಸಿಗುತ್ತವೆ, ಒಂದೇ ವಚನವನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಮಳೆ ಹಿಡಿದರೆ ಆಗುಂಬೆ ಕಡೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಅದಕ್ಕೆ ಇಳಿಸಿಕೊಳ್ಳಲು ಅವಕಾಶವಿರುವ ಅನುವಾದವನ್ನು ಮೊದಲೇ ಇಳಿಸಿ ಇಟ್ಟುಕೊಳ್ಳಿ. ಕಣ್ಣು ಮಂಜಾದ ಹಿರಿಯರಿಗೆ ಅಕ್ಷರ ದೊಡ್ಡದು ಮಾಡಿ ಕೊಡಬಹುದು, ಓದಿ ಕೇಳಿಸುವ ಧ್ವನಿಯೂ ಇದೆ. ಆದರೆ ದಿನಾ ಓದಲು ನನಗೆ ಪುಸ್ತಕವೇ ಬೇಕು. ಮೊಬೈಲ್‌ನಲ್ಲಿ ಒಂದು ಮೆಸೇಜ್ ಬಂದರೆ ಪೌಲನ ವಾದ ಅಲ್ಲಿಗೇ ತುಂಡಾಗುತ್ತದೆ.

ಪುಕ್ಕಟೆಯ ಮಾತು ಬಂತು. ಗಿಡಿಯನ್ಸ್ ಅನ್ನುವ ಸಂಸ್ಥೆಯವರು ಹಂಚುವ ಚಿಕ್ಕ ಪುಸ್ತಕ ನಿಮ್ಮ ಮನೆಯಲ್ಲಿ ಎಲ್ಲಾದರೂ ಇದ್ದೀತು. ಅದರಲ್ಲಿ ಹೊಸ ಒಡಂಬಡಿಕೆ, ಜೊತೆಗೆ ಸಾಮಾನ್ಯವಾಗಿ ಕೀರ್ತನೆ, ಜ್ಞಾನೋಕ್ತಿ. ಶುರು ಮಾಡಲು ಅಷ್ಟೇ ಧಾರಾಳ.

ಒಂದು ಮುಗಿಸಿದ ಮೇಲೆ ಇನ್ನೊಂದು ಅನುವಾದ ಓದಬೇಕಾ?

ಮುಗಿಸುವವರೆಗೂ ಕಾಯಬೇಕಿಲ್ಲ. ಮತ್ತೂರಿನ ಅವಳಿ ಊರು ಹೊಸಹಳ್ಳಿಯಲ್ಲಿ ಗಮಕ ಕೇಳಿದವರಿಗೆ ನಾನು ಹೇಳುವುದು ಬೇಗ ಹೊಳೆಯುತ್ತದೆ. ಒಬ್ಬರು ಕುಮಾರವ್ಯಾಸನ ಪದ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ. ಪಕ್ಕದಲ್ಲಿ ಕೂತವರು ಅದನ್ನೇ ಆಡುಮಾತಿಗೆ ಇಳಿಸಿ ವ್ಯಾಖ್ಯಾನ ಮಾಡುತ್ತಾರೆ. ಬರೀ ವಾಚನ ಆದರೆ ಅರ್ಧ ಜನಕ್ಕೆ ತಿಳಿಯದು, ಬರೀ ವ್ಯಾಖ್ಯಾನ ಆದರೆ ಪದ್ಯವೇ ಹೋಯಿತು. ನಮ್ಮ ಜಗಲಿಯಲ್ಲೂ ಈಗ ಹಾಗೇ ಮಾಡುತ್ತೇವೆ. ಒಬ್ಬರು ಹಳೆಯದನ್ನು ಓದುತ್ತಾರೆ, ಇನ್ನೊಬ್ಬರು ಅದೇ ಭಾಗವನ್ನು ಸಿ.ಎಲ್.ನಲ್ಲಿ ಓದುತ್ತಾರೆ. ಎರಡೂ ಒಂದೇ ಅಂದಲ್ಲಿ ಮುಂದೆ ಹೋಗುತ್ತೇವೆ. ಬೇರೆ ಅಂದಲ್ಲಿ ನಿಲ್ಲುತ್ತೇವೆ, ಯಾಕೆ ಬೇರೆ ಅಂತ ಮಾತಾಡುತ್ತೇವೆ. ಒಬ್ಬರೇ ಓದುವವರು ಆರು ತಿಂಗಳು ಒಂದನ್ನೇ ಹಿಡಿದು ಆಮೇಲೆ ಎರಡನೆಯದನ್ನು ತನ್ನಿ. ಶುರುವಿನಲ್ಲೇ ನಾಲ್ಕು ತಂದರೆ ಹೋಲಿಸುವುದರಲ್ಲೇ ದಿನ ಹೋಗುತ್ತದೆ, ಓದು ಆಗುವುದಿಲ್ಲ.

ಅಕ್ಷರ, ಕಾಗದ, ರಟ್ಟು, ಇದೆಲ್ಲ ನೋಡಬೇಕಾ?

ನೋಡಲೇಬೇಕು, ಅದರಲ್ಲೂ ಘಟ್ಟದ ಮೇಲಿನವರು. ಬೈಬಲ್ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೇವ ಕುಡಿದು ಹಾಳೆಗೆ ಹಾಳೆ ಅಂಟುತ್ತದೆ, ರೆಕ್ಸಿನ್ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಗಾಜಿನ ಬಾಗಿಲ ಕಪಾಟಿನಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ ಹಿಡಿಯುತ್ತದೆ. ಗಾಳಿಯಾಡುವ ಕಡೆ ನಿಲ್ಲಿಸಿ ಇಡಿ. ಬಿಸಿಲು ಬಿದ್ದ ದಿನ ಪುಟ ಬಿಡಿಸಿ ನೆರಳಲ್ಲಿ ಒಂದು ಗಂಟೆ ಇಡಿ, ನೇರ ಬಿಸಿಲು ಬೇಡ. ನಮ್ಮಜ್ಜಿ ಒಲೆಯ ಮೇಲಿನ ಅಟ್ಟದ ಅಂಚಿನಲ್ಲಿ ಇಡುತ್ತಿದ್ದರು. ಪುಟಗಳೆಲ್ಲ ಹೊಗೆಗೆ ಕಂದು ಬಣ್ಣ, ಆದರೆ ಒಂದೂ ಅಂಟಿಲ್ಲ. ಈಗ ನಾನು ಓದುವ ಹಳೆಯ ಪ್ರತಿ ಅದೇ. ರೂತಳ ಪುಸ್ತಕ ತೆಗೆದರೆ ಇವತ್ತಿಗೂ ಸೌದೆ ಹೊಗೆಯ ವಾಸನೆ ಬರುತ್ತದೆ.